ಮೇಸ್ತ್ರಿ ಕಟ್ಟಿದ ಗೋಡೆ

ಆ ಕಲ್ಲಿನಿಂದ ಮೇಸ್ತ್ರಿಯ ಮನೆಯವರಿಗೆ ಮೊದಲು ಸಿಕ್ಕಿದ್ದು ನಗೆಪಾಟಲು. ಅವನಪ್ಪನೂ ಗಾರೆ ಕೆಲಸದವನೇ. ಬಯಲಲ್ಲಿ ಸಿಕ್ಕ ಕಂದು ಹಾಸುಗಲ್ಲಿನಿಂದ ಪಕ್ಕದ ಮನೆಯವರಿಗೆ ಒಲೆ ಕಟ್ಟಿಕೊಟ್ಟಿದ್ದ. ಬೆಂಕಿ ಹಾಕಿದರೆ ಒಲೆಯೇ ಹೊತ್ತಿಕೊಂಡಿತು. "ಒಲೆ ಕಟ್ಟು ಅಂದ್ರೆ ಸೌದೆ ಪೇರಿಸಿಟ್ಟು ಹೋಗಿದ್ದೀಯಲ್ಲಪ್ಪ!" ಎಂದು ಬೀದಿಯೆಲ್ಲ ನಕ್ಕಿತು.

ಕೆಲವು ವರ್ಷಗಳಲ್ಲಿ ನೆಲ ಕೊರೆದು ನೋಡುವವರು ಬಂದರು. ಇದು ಎಣ್ಣೆಗಲ್ಲು, ಕಾಯಿಸಿದರೆ ಎಣ್ಣೆ ಬಿಡುತ್ತದೆ ಎಂದರು. ಮೊದಲು ಬಯಲಲ್ಲೇ ಅಗೆದರು. ಮೇಲಿನದು ಮುಗಿದ ಮೇಲೆ ಸುರಂಗ ತೋಡಿ ಕೆಳಗಿಳಿದರು. ಮಗ ಆ ಗಣಿಗೇ ಮೇಸ್ತ್ರಿಯಾದ. ಕಲ್ಲು ತೆಗೆದು ಬರಿದಾದ ಸುರಂಗಗಳನ್ನು ಇಟ್ಟಿಗೆಯಿಂದ ಮುಚ್ಚುವುದು ಅವನ ಕೆಲಸ. ಇದ್ದೊಬ್ಬ ತಂಗಿಯನ್ನು ಜೊತೆಗೆ ಗಣಿಗಿಳಿಯುತ್ತಿದ್ದ ಗೆಳೆಯನಿಗೇ ಕೊಟ್ಟು ಮದುವೆ ಮಾಡಿದ್ದ.

ಒಂದು ಮಧ್ಯಾಹ್ನ ಪೂರ್ವದ ಸುರಂಗಕ್ಕೆ ಬೆಂಕಿ ಬಿತ್ತು. ಕಲ್ಲೇ ಉರಿಯತೊಡಗಿದ ಮೇಲೆ ನೀರು ಯಾವ ಲೆಕ್ಕ? ಹೊಗೆ ಪಶ್ಚಿಮಕ್ಕೂ ನುಗ್ಗಿತು. ಅಲ್ಲಿದ್ದವರು ಇನ್ನೂ ಮೇಲೆ ಬಂದಿರಲಿಲ್ಲ. ಪೂರ್ವದಲ್ಲಿ ಸಿಕ್ಕಿಬಿದ್ದವರು ಮೂವರು. ತಂಗಿಯ ಗಂಡ ಅವರಲ್ಲೊಬ್ಬ.

"ಮುಚ್ಚಿಬಿಡು ಮೇಸ್ತ್ರಿ. ಬೆಂಕಿಗೆ ಗಾಳಿ ತಪ್ಪಿಸದಿದ್ರೆ ಆ ಕಡೆಯವರೂ ಹೋಗ್ತಾರೆ," ಎಂದ ಗಣಿಯ ಮುಖ್ಯಸ್ಥ.

"ಒಳಗೆ ನನ್ ತಂಗಿ ಗಂಡ ಇದಾನೆ ಸಾರ್."

"ಕೂಗಿ ನೋಡು."

ಕೂಗಿದ. ಗಂಟಲು ಕಟ್ಟುವವರೆಗೂ ಕೂಗಿದ. ಆಮೇಲೆ ಕರಣೆ ಎತ್ತಿಕೊಂಡ. ಕೊನೆಯ ಇಟ್ಟಿಗೆ ಇಡುವ ಮುನ್ನ ಸಂದಿಗೆ ಕಿವಿಗೊಟ್ಟು ನಿಂತ. ಬೆಂಕಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಪಶ್ಚಿಮದವರೆಲ್ಲ ಬದುಕಿ ಮೇಲೆ ಬಂದರು.

"ಗೋಡೆ ಕಟ್ಟಿದ್ದು ಯಾರು?" ತಂಗಿ ಕೇಳಿದ್ದು ಇಷ್ಟೇ.

"ನಾನೇ."

ಅವಳು ಬಾಗಿಲು ಹಾಕಿಕೊಂಡಳು.

ಎರಡು ವರ್ಷದ ಮೇಲೆ ಆ ಸುರಂಗವನ್ನು ಮತ್ತೆ ತೆರೆದರು. ಗೋಡೆ ಒಡೆಯಲು ತಾನೇ ಹೋಗಬೇಕೆಂದು ಮೇಸ್ತ್ರಿ ಹಟ ಹಿಡಿದ. ಗೋಡೆಯ ಹಿಂದೆ ಯಾರೂ ಇರಲಿಲ್ಲ. ಮೂವರೂ ಸಿಕ್ಕಿದ್ದು ಬಹಳ ಒಳಗೆ, ಊಟಕ್ಕೆ ಕೂತ ಜಾಗದಲ್ಲೇ, ತೆರೆದ ಡಬ್ಬಿಗಳ ಪಕ್ಕ. ಮೊದಲ ಹೊಗೆಗೇ ಉಸಿರು ನಿಂತಿತ್ತು.

ಮೈಮೇಲಿನ ಮಸಿಯನ್ನೂ ತೊಳೆಯದೆ ತಂಗಿಯ ಮನೆಗೆ ಓಡಿದ. "ಅವನು ಗೋಡೆ ಹತ್ರ ಬಂದೇ ಇರ್ಲಿಲ್ಲ ಪುಟ್ಟಿ. ನಾನು ಕಟ್ಟೋಕೆ ಮುಂಚೇನೇ ಎಲ್ಲ ಮುಗಿದುಹೋಗಿತ್ತು."

ತಂಗಿ ಕೂತಲ್ಲಿಂದ ಏಳಲಿಲ್ಲ. "ಕಟ್ಟೋವಾಗ ನಿಂಗದು ಗೊತ್ತಿತ್ತಾ, ಅಣ್ಣ?"

"ಇಲ್ಲ."

ಅವಳು ಮಣೆ ಸರಿಸಿ, "ಕೂತ್ಕೋ," ಎಂದಳು.

ಅಂದಿನಿಂದ ಅವನು ವಾರಕ್ಕೊಮ್ಮೆ ಬರುತ್ತಿದ್ದ. ಅವಳು ಊಟ ಬಡಿಸುತ್ತಿದ್ದಳು, ಸಾಕೆನ್ನುವ ಮುನ್ನವೇ ಇನ್ನಷ್ಟು ಹಾಕುತ್ತಿದ್ದಳು. ಆದರೆ ಅವಳು ಅಣ್ಣ ಎಂದು ಕರೆದದ್ದು ಆ ದಿನವೇ ಕೊನೆ.