ಎಡಗೈ ಎತ್ತಿದವರು

ನಮ್ಮಪ್ಪ ಹಾಲಸ್ವಾಮಿ ಮೇಷ್ಟ್ರು ಹೊನ್ನಾಳಿ ಸುತ್ತಮುತ್ತಲ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತರಾದವರು. ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಪ್ರಶ್ನೆ ಕೇಳಿದರೆ ಅವರ ತರಗತಿಯಲ್ಲಿ ಎಲ್ಲರ ಕೈಯೂ ಮೇಲೇಳುತ್ತಿತ್ತು. ಗುಟ್ಟು ಇಷ್ಟೇ: ಉತ್ತರ ಗೊತ್ತಿದ್ದವರು ಬಲಗೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ. ಅಪ್ಪ ಬಲಗೈಯವರನ್ನಷ್ಟೇ ಎಬ್ಬಿಸುತ್ತಿದ್ದರು. ನೆಂಟರ ಮುಂದೆ ಇದನ್ನು ಹೇಳಿಕೊಂಡು ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ನ್ಯಾಮತಿ ಹತ್ತಿರ ನಾನು ನಡೆಸುವ ಶಾಲೆಯ ರೀತಿಯೇ ಬೇರೆ. ಏನು ಕಲಿಯಬೇಕೆಂದು ಮಕ್ಕಳೇ ತೀರ್ಮಾನಿಸುತ್ತಾರೆ. ಶುಕ್ರವಾರ ಸಭೆ. ಮಕ್ಕಳಲ್ಲೇ ಒಬ್ಬರು ಅದನ್ನು ನಡೆಸುತ್ತಾರೆ, ಯಾರ ಮೇಲೆ ಬೇಕಾದರೂ ದೂರು ಹೇಳಬಹುದು, ನನ್ನ ಮೇಲೂ.

"ಮಕ್ಕಳ್ನ ಕೇಳಿ ಕೇಳಿ ಬಡಿಸಾಕೆ ಇದೇನು ಹೋಟ್ಲೇನವ್ವ?" ಎನ್ನುತ್ತಿದ್ದರು ಅಪ್ಪ. ಹಾಗೆಂದುಕೊಂಡೇ ದಿನಾ ಬರುತ್ತಿದ್ದರು. ಲೆಕ್ಕ ಕಲಿಯಬೇಕೆನಿಸಿದ ಮಕ್ಕಳು ತಾವಾಗಿಯೇ ತಾತನನ್ನು ಹುಡುಕಿಕೊಂಡು ಹೋಗುತ್ತಿದ್ದರು. ಯಾರೂ ಕಳಿಸದೆ ಮಕ್ಕಳು ಬಳಿಗೆ ಬರುವ ಸುಖ ಅವರಿಗೆ ಹೊಸದು. ಅದನ್ನು ಬಿಟ್ಟರೆ ಈ ವಯಸ್ಸಿನಲ್ಲಿ ಅವರಿಗೆ ಬೇರೆ ಸಡಗರವಿರಲಿಲ್ಲ.

ಬೇಸಿಗೆಯಲ್ಲಿ ಚನ್ನಗಿರಿ ಕಡೆಯ ಕೆಲವು ಪೋಷಕರು ಶಾಲೆ ನೋಡಲು ಬಂದರು. ಇಲ್ಲಿನ ಮಕ್ಕಳು ಮರ ಹತ್ತುತ್ತಾರೆ, ಮಗ್ಗಿ ಬರುವುದಿಲ್ಲ ಎಂಬ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ನಾನು ಚಹಾಕ್ಕೆ ಹೇಳಿ ಬರುವಷ್ಟರಲ್ಲಿ ಅಪ್ಪ ಮಕ್ಕಳನ್ನು ಸಾಲಾಗಿ ಕೂರಿಸಿಬಿಟ್ಟಿದ್ದರು.

"ಹದಿನೇಳರ ಮಗ್ಗಿ ಯಾರಿಗೆ ಬರ್ತೈತೆ?"

ಅಷ್ಟೂ ಕೈ ಮೇಲೆದ್ದವು. ಹಿಂದಿನ ದಿನವೇ ಆಟವೆಂದು ಹೇಳಿಕೊಟ್ಟಿದ್ದರಂತೆ. ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವ ಮೊದಲೇ ಹಿಂದೆ ನಿಂತಿದ್ದವರೊಬ್ಬರು ಜೋರಾಗಿ ನಕ್ಕರು.

"ಸಾರ್, ಗುರ್ತು ಸಿಕ್ತೇನ್ರಿ? ಮುತ್ತುರಾಜ. ಏಳನೇ ಕ್ಲಾಸಿನ ತನಕ ನಿಮ್ಮ ಹತ್ರ ಎಡಗೈ ಎತ್ತಿದೋನು."

ಅಪ್ಪನೂ ನಕ್ಕರು. ಮುತ್ತುರಾಜ್ ಬಗ್ಗಿ ಅವರ ಕಾಲು ಮುಟ್ಟಿದರು.

"ಒಂದಿನಾನೂ ನನ್ನ ಏಳಿಸಲಿಲ್ಲ ಬಿಡ್ರಿ. ಮಗಳಿಗಾದ್ರೂ ಹಂಗಾಗಬಾರದು ಅಂತ ಇಲ್ಲಿಗೆ ಸೇರಿಸಾಕೆ ಬಂದೆ."

ಮಾತಿನಲ್ಲಿ ಕುಹಕವಿದ್ದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದರು. ಇರಲಿಲ್ಲ. ಚಹಾ ಕುಡಿದು, ಮಗಳ ವಿಷಯ ಮತ್ತೆ ಎತ್ತದೆ ಮುತ್ತುರಾಜ್ ಬಸ್ಸಿಗೆ ಹೊರಟುಹೋದರು.

ಆಮೇಲೆ ಅಪ್ಪ ನನಗೆ ಮುಖ ಕೊಟ್ಟು ಮಾತಾಡಲಿಲ್ಲ. ಮಕ್ಕಳು ಲೆಕ್ಕಕ್ಕೆಂದು ಬಂದರೆ ತಲೆನೋವೆಂದು ಕಳಿಸಿಬಿಡುತ್ತಿದ್ದರು. "ಹಂಗೆ ಎಡಗೈ ಎತ್ಕೊಂಡೇ ಎಷ್ಟು ಮಕ್ಳು ಹೋದ್ವೋ," ಎಂದರು ಒಮ್ಮೆ, ಊಟದ ತಟ್ಟೆಯ ಮುಂದೆ. ನಾನು ಅವರ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದೆ. ಆ ಕಥೆಗೆ ನಾನೂ ನಕ್ಕವಳೇ ಅಲ್ಲವೇ.

ಶುಕ್ರವಾರ ಅಪ್ಪ ಬರಲಾರರೆಂದುಕೊಂಡಿದ್ದೆ. ಬಂದರು, ಮಕ್ಕಳ ನಡುವೆ ನೆಲದ ಮೇಲೆ ಕೂತರು. ಸಭೆ ನಡೆಸುವ ಸರದಿ ಪವಿತ್ರಳದು, ಐದನೇ ತರಗತಿಯ ವಯಸ್ಸಿನವಳು. ಮೊದಲ ದೂರೇ ಅಪ್ಪನ ಮೇಲೆ ಬಂತು: ನಮಗೆ ಗೊತ್ತಿಲ್ಲ ಅಂತ ಹೇಳಾಕೆ ತಾತ ಬಿಡಲಿಲ್ಲ.

"ತಾತ ಯಾಕೆ ಹಂಗೆ ಮಾಡಿದ್ರು ಅಂತ ಯಾರಾದ್ರೂ ಹೇಳ್ತೀರಾ?" ಎಂದು ಕೇಳಿದಳು ಪವಿತ್ರ.

ಯಾರೂ ಕೈ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪನ ಕೈ ಮೇಲೆದ್ದಿತು. ಎಡಗೈ.

ಜೀವಮಾನವಿಡೀ ಅಪ್ಪ ಆ ಕೈಯವರನ್ನು ಎಬ್ಬಿಸಿದವರಲ್ಲ. ಪವಿತ್ರ ಎಬ್ಬಿಸಿದಳು.

"ಹೇಳ್ರಿ ತಾತ."

ಅಪ್ಪ ಎದ್ದು ನಿಂತರು. ಮಕ್ಕಳು ಕಾಯುತ್ತಾ ಕೂತರು.