ದ್ವಾದಶಿಯ ನೋವು

ಅದು ೧೯೭೪. ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ ನಾನು ಕ್ಲಿನಿಕ್ ತೆರೆದು ಸ್ವಲ್ಪ ಕಾಲವಾಗಿತ್ತು. ಕೆಳಗೆ ಕ್ಲಿನಿಕ್, ಮೇಲೆ ನಾನೊಬ್ಬಳೇ ಇದ್ದ ಬಾಡಿಗೆಯ ಕೋಣೆ. ಮದುವೆ ಯಾವಾಗ ಎಂದು ಕೇಳುತ್ತಿದ್ದ ರೋಗಿಗಳ ಬಾಯಿಗೆ ತಕ್ಷಣ ಥರ್ಮಾಮೀಟರ್ ಇಡುತ್ತಿದ್ದೆ. ಬಾಯಿ ನನ್ನದು ಆಗಲೂ ಜೋರೇ.

ಒಂದು ಬೆಳಿಗ್ಗೆ ವೆಂಕಣ್ಣಾಚಾರ್ ಆಟೋದಿಂದ ಇಳಿದು, ಗೋಡೆ ಹಿಡಿದುಕೊಂಡು ಒಳಗೆ ಬಂದರು. ಹತ್ತಿರದ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್, ಅಂದರೆ ಯಂತ್ರಗಳ ನಕ್ಷೆ ಬರೆಯುವವರು. ದಿನವಿಡೀ ಬೋರ್ಡಿನ ಮುಂದೆ ನಿಂತೇ ಕೆಲಸ. ಐವತ್ತರ ಆಸುಪಾಸು, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಎಡಗಾಲಿನ ಹೆಬ್ಬೆರಳಿನ ಬುಡ ಕೆಂಪಗೆ ಬಾತುಕೊಂಡಿತ್ತು. ಪಂಚೆಯ ಅಂಚು ತಾಗಿದರೂ ಮುಖ ಕಿವುಚುತ್ತಿದ್ದರು.

"ಆರು ವರ್ಷದಿಂದ ಹೀಗೇ ಡಾಕ್ಟ್ರಮ್ಮ. ಬರತ್ತೆ, ಒಂದು ವಾರ ಪ್ರಾಣ ಹಿಂಡತ್ತೆ, ಹೋಗತ್ತೆ. ವಾಯು ಅಂದ್ರು, ಉಳುಕು ಅಂದ್ರು. ಒಬ್ರು ಚಪ್ಪಲಿ ಬದಲಾಯಿಸಿ ಅಂದ್ರು."

ನೋಡಿದರೆ ಗೌಟ್ ಎಂದೇ ಅನಿಸುತ್ತಿತ್ತು. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ, ಅದರ ಹರಳುಗಳು ಕೀಲಿನಲ್ಲಿ ಕೂತು ಬರುವ ನೋವು ಅದು. ಆದರೆ ಗೌಟ್ ಎಂದರೆ ಮಾಂಸ, ಮದ್ಯದವರ ಕಾಯಿಲೆ ಎಂದೇ ನಮ್ಮೆಲ್ಲರ ತಲೆಯಲ್ಲಿ ಕೂತಿತ್ತು. ಇವರ ಹಣೆಯಲ್ಲಿ ನೋಡಿದರೆ ಅಂಗಾರ, ಅಕ್ಷತೆ. ಈರುಳ್ಳಿಯನ್ನೂ ಮುಟ್ಟದ ಆಚಾರ್ರಿಗೆ ಗೌಟೇ! ಹಿಂದಿನ ವೈದ್ಯರೆಲ್ಲ ಹಣೆ ನೋಡಿಯೇ ಕಾಲಿನ ಪರೀಕ್ಷೆ ಮುಗಿಸಿಬಿಟ್ಟಿದ್ದರು.

ಅವರ ತುಟಿ ಒಣಗಿ ಬಿರಿದಿತ್ತು. ನೀರು ಸರಿಯಾಗಿ ಕುಡಿಯುತ್ತೀರಾ ಎಂದು ಕೇಳಿದೆ.

"ಇವತ್ತು ದ್ವಾದಶಿ, ಪಾರಣೆ ಆಯ್ತು. ನಿನ್ನೆ ಏಕಾದಶಿ ಅಲ್ವೇ, ನೀರೂ ಮುಟ್ಟಲ್ಲ."

"ಹೋದ ಸಲ ನೋವು ಬಂದಿದ್ದು?"

ಸ್ವಲ್ಪ ಯೋಚಿಸಿದರು. "ಅದೂ ದ್ವಾದಶಿನೇ. ಯಾವಾಗ್ಲೂ ಹಾಗೇ. ವ್ರತದಲ್ಲೇನೋ ಲೋಪ ಆಗಿದೆ ಅಂತ ಈಗ ಬೇರೆ ದಿನಾನೂ ಉಪವಾಸ ಮಾಡ್ತಿದೀನಿ."

ಅಯ್ಯೋ ದೇವರೇ ಎಂದುಕೊಂಡೆ. ನೀರೂ ಇಲ್ಲದ ಉಪವಾಸದಲ್ಲಿ ಯೂರಿಕ್ ಆಮ್ಲ ಹೊರಗೆ ಹೋಗದೆ ರಕ್ತದಲ್ಲೇ ಉಳಿಯುತ್ತದೆ. ನೋವು ಬಂತೆಂದು ಉಪವಾಸ, ಉಪವಾಸ ಮಾಡಿದ್ದಕ್ಕೆ ನೋವು. ರಕ್ತಪರೀಕ್ಷೆ ಮಾಡಿಸಿದೆ. ಏಳರ ಒಳಗೆ ಇರಬೇಕಾದ ಯೂರಿಕ್ ಆಮ್ಲ ಹತ್ತರ ಹತ್ತಿರ ಇತ್ತು. ಕಾಲ್ಚಿಸಿನ್ ಮಾತ್ರೆ ಕೊಟ್ಟೆ. ಎರಡೇ ದಿನಕ್ಕೆ ಊತ ಇಳಿಯಿತು.

ಕಾಯಿಲೆಯ ಹೆಸರು ಹೇಳಿದಾಗ ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅದು ಕುಡುಕರಿಗೆ ಬರೋದಲ್ವೇ? ಯಾರಿಗೂ ಹೇಳ್ಬೇಡಿ ತಾಯೀ."

"ಹೇಳಲ್ಲ. ಇನ್ನು ಮೇಲೆ ಉಪವಾಸ ಬಂದ್. ಏಕಾದಶಿ ದಿನಾನೂ ಹೊಟ್ಟೆಗೆ ಏನಾದ್ರೂ ಹೋಗ್ಬೇಕು, ನೀರಂತೂ ಕುಡೀಲೇಬೇಕು" ಎಂದು ಗದರಿದೆ. ಆಚಾರ್ರು ತಲೆಯಾಡಿಸಿದರು. ಆ ಮುಖದಲ್ಲಿ ಸಂತೋಷವಿರಲಿಲ್ಲ. ನನಗೆ ಸಿಟ್ಟು ಬಂತು: ಆರು ವರ್ಷದ ಕಾಯಿಲೆ ಪತ್ತೆಹಚ್ಚಿದ್ದೇನೆ, ಒಂದು ನಗೆ ಬೇಡವೇ?

ಕೆಲವು ತಿಂಗಳು ಕಳೆದವು. ಒಂದು ಸಂಜೆ ಆಚಾರ್ರು ಸರಾಗವಾಗಿ ನಡೆದುಕೊಂಡು ಬಂದು ಬೆಂಚಿನ ಮೇಲೆ ಕೂತರು. ರೋಗಿಗಳೆಲ್ಲ ಹೋದರೂ ಏಳಲಿಲ್ಲ.

"ಏನು ಆಚಾರ್ರೇ, ಮತ್ತೆ ಕಾಲಾ?"

"ಕಾಲಿಗೇನೂ ಆಗಿಲ್ಲ. ಇವತ್ತು ಏಕಾದಶಿ." ಕೈಯಲ್ಲಿದ್ದ ಛತ್ರಿಯನ್ನೇ ನೋಡುತ್ತ ಮುಂದುವರಿಸಿದರು. "ಸಾಯಂಕಾಲ ಮಠದಲ್ಲಿ ಭಜನೆ ಇರತ್ತೆ. ಉಪವಾಸ ಇರೋರೆಲ್ಲ ಸೇರ್ತೀವಿ. ಅವಳು ಹೋದ್ಮೇಲೆ, ಬನ್ನಿ ಆಚಾರ್ರೇ ಅಂತ ನನ್ನನ್ನ ಕರೆಯೋರು ಅವರಷ್ಟೇ. ಈಗ ಹೊಟ್ಟೆ ತುಂಬಿಸ್ಕೊಂಡು ಅವರ ಮಧ್ಯೆ ಹೇಗೆ ಕೂತ್ಕೊಳ್ಳಲಿ? ಹೋಗೋದು ಬಿಟ್ಟೆ. ರೂಮಲ್ಲಿ ಇರಕ್ಕಾಗ್ಲಿಲ್ಲ. ಎಲ್ಲಿಗೆ ಹೋಗೋದು ಅಂತ ಗೊತ್ತಾಗ್ದೆ ಇಲ್ಲಿಗೆ ಬಂದೆ."

ನೋವಿದ್ದಾಗ ಈ ಮನುಷ್ಯನಿಗೆ ಹದಿನೈದು ದಿನಕ್ಕೊಮ್ಮೆಯಾದರೂ ಜನರಿದ್ದರು. ನೋವು ಹೋಗಿ ಅದೂ ಇಲ್ಲವಾಗಿತ್ತು.

ಕ್ಲಿನಿಕ್ಕಿಗೆ ಬೀಗ ಹಾಕಿದೆ. "ಏಳಿ, ನಡೀರಿ" ಎಂದೆ.

ಭಜನೆ ಆಗಲೇ ಶುರುವಾಗಿತ್ತು. ಹಿರಿಯರೊಬ್ಬರು ತಾಳ ನಿಲ್ಲಿಸದೆ ಸರಿದು ಆಚಾರ್ರಿಗೆ ಜಾಗ ಬಿಟ್ಟರು. ನಾನು ಹೆಂಗಸರ ಸಾಲಿನ ಕೊನೆಯಲ್ಲಿ ಕೂತೆ. ಒಂದು ಹಾಡು ಮುಗಿದಾಗ ಮೂಲೆಯ ಹೂಜಿಯ ಕಡೆ ಕಣ್ಣಲ್ಲೇ ಸನ್ನೆ ಮಾಡಿದೆ. ಅವರು ಅಂಜುತ್ತ ಎದ್ದು ನೀರು ಕುಡಿದರು. ಯಾರೂ ತಿರುಗಿ ನೋಡಲಿಲ್ಲ. ಮುಂದಿನ ಹಾಡಿಗೆ ಅವರ ದನಿ ಸೇರಿಕೊಂಡಿತು.

ಪಥ್ಯ ಹೇಳುವ ಮೊದಲು, ಅದರಿಂದ ನಿಮಗೆ ಏನೇನು ತಪ್ಪಿಹೋಗುತ್ತದೆ ಎಂದು ರೋಗಿಯನ್ನು ಕೇಳುವುದನ್ನು ನಾನು ಕಲಿತದ್ದು ಆಚಾರ್ರಿಂದ. ಅಂದು ಅವರನ್ನು ಬಿಟ್ಟು ಬರುವುದಷ್ಟೇ ನನ್ನ ಕೆಲಸವಾಗಿತ್ತು. ಆದರೂ ಮಂಗಳಾರತಿಯವರೆಗೆ ಕೂತಿದ್ದೆ. ಆ ಸಂಜೆ ನನಗೂ ಹೋಗಲು ಬೇರೆ ಜಾಗವಿರಲಿಲ್ಲ.