ಬೂದಿ ಬಿದ್ದ ಕೌದಿ

ಊರ ಹೊರಗಿನ ಬೀಳಿಗೆ ಬೆಂಕಿ ಬೀಳುವ ಹಿಂದಿನ ದಿನ ಕನ್ನೊಳ್ಳಿಗೆ ಬಂದು, ತೀರಿಹೋದ ಹೆಂಡತಿಯ ಆರು ಸೀರೆಗಳನ್ನು ಕೌದಿ ಹೊಲಿಯುವ ಗಂಗವ್ವನಿಗೆ ಕೊಟ್ಟಿದ್ದೆ. ಹೆಂಡತಿ ಉಟ್ಟು ಬಿಚ್ಚಿಟ್ಟ, ಇನ್ನೂ ಒಗೆಯದ ಸೀರೆಗಳು. "ನೀರಿಗೆ ಹಾಕಬ್ಯಾಡ್ರಿ, ಹಂಗ ಹೊಲಿರಿ" ಎಂದಿದ್ದೆ. ಯಾಕೆಂದು ಹೇಳಲು ನಾಚಿಕೆಯಾಗಿತ್ತು.

ಮೂರು ವಾರದ ಮೇಲೆ ಇಂದು ಸಿಂದಗಿಯಲ್ಲಿ ಬಸ್ಸು ಬದಲಿಸಿ ಮತ್ತೆ ಬಂದೆ. ಜಾಲಿಗಿಡಗಳ ಆ ಬೀಳು ಇನ್ನೂ ಆರಿದಂತೆ ಕಂಡು ಮತ್ತೆ ಹೊತ್ತಿಕೊಳ್ಳುತ್ತಿದೆ. ಅಂಗಳದಲ್ಲಿ ಬೂದಿ ಸದ್ದಿಲ್ಲದೆ ಇಳಿಯುತ್ತದೆ. ಎಲ್ಲ ಮನೆಗಳಲ್ಲೂ ನೀರಿನ ಕೊಡದ ಬಾಯಿಗೆ ಒದ್ದೆ ಅರಿವೆ ಕಟ್ಟಿದ್ದಾರೆ. ಗಂಗವ್ವನ ಮೂಗು ಬಾಯಿಗೂ ಅಂಥದೇ ಅರಿವೆ.

"ಬರ್ರಿ ಅಣ್ಣಾ. ಯಾವುದು ಕೊಡ, ಯಾವುದು ಗಂಗವ್ವ ಅಂತ ನೋಡಿಕೊಂಡು ಮಾತಾಡ್ರಿ" ಎಂದು ನಕ್ಕಳು.

ಒಳಗಿನಿಂದ ಕೌದಿ ತಂದು ನನ್ನ ತೊಡೆಯ ಮೇಲೆ ಹರವಿದಳು. ಇಳಕಲ್ ಸೀರೆಯ ಕೆಂಪು ಸೆರಗು ನಟ್ಟನಡುವೆ ಬಂದಿತ್ತು.

"ಹೊಲಿದು ಗೋಡಿ ಮ್ಯಾಲೆ ಹಾಕಿದ್ದೆ. ಬೂದಿ ಬಿದ್ದು ಕರ್ರಗಾತು. ತೀರಿದಾಕಿ ಸೀರಿ, ಹಂಗ ಹೆಂಗ ಕೊಡ್ಲಿ? ಎರಡು ಸಲ ಸಾಬೂನು ಹಚ್ಚಿ ಒಗದು, ಮನಿಯೊಳಗ ಒಣಗಿಸೇನಿ. ಬಣ್ಣ ಹೋಗ್ತೈತಿ ಅಂತ ಅಂಜಿದ್ರಿ ಹೌದಲ್ರಿ? ಒಂಚೂರೂ ಹೋಗಿಲ್ಲ ನೋಡ್ರಿ."

ಉಜ್ಜಿ ಉಜ್ಜಿ ಅವಳ ಬೆರಳ ಗೆಣ್ಣುಗಳ ಚರ್ಮ ಕಿತ್ತುಹೋಗಿತ್ತು.

"ಭಾಳ ಛಲೋ ಮಾಡೀರಿ ಗಂಗವ್ವಾ" ಎಂದೆ.

ಬಸ್ಸಿನಲ್ಲಿ ಕೌದಿಯನ್ನು ಮುಖಕ್ಕೆ ಹಿಡಿದು ನೋಡಿದೆ. ಸಾಬೂನಿನ ವಾಸನೆ ಇದೆ, ಸ್ವಲ್ಪ ಹೊಗೆಯ ವಾಸನೆಯೂ ಇದೆ. ಹೆಂಡತಿಯ ವಾಸನೆ ಇಲ್ಲ.